ಕತ್ತರಿಸಿದ ಜಡೆ, ಹಾಸನದ ಉಪಗ್ರಹ ಕೇಂದ್ರ

ಪ್ರಶ್ನೆ: ಹತ್ತನೇ ತರಗತಿಯ ಮಗಳು ಸೊಂಟದವರೆಗಿದ್ದ ಜಡೆಯನ್ನು ಭುಜದ ಮಟ್ಟಕ್ಕೆ ಕತ್ತರಿಸಿಕೊಂಡು ಬಂದಿದ್ದಾಳೆ. ಉಪಗ್ರಹ ಎಂಜಿನಿಯರ್ ಆಗಬೇಕೆನ್ನುತ್ತಾಳೆ. ಎರಡೂ ಅಮಂಗಳವೆಂದು ಅತ್ತೆಯವರು ಕೊರಗುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಅತ್ತೆಯವರ ಕೊರಗನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಕೆಲವು ಸಮುದಾಯಗಳಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣಿನ ತಲೆ ಬೋಳಿಸುವ ಕ್ರೂರ ಪದ್ಧತಿ 20ನೇ ಶತಮಾನದಲ್ಲೂ ಉಳಿದಿತ್ತು. ಮದುವೆ, ಸೀಮಂತಗಳಲ್ಲಿ ಮಲ್ಲಿಗೆಯ ಬಿಗಿ ಮೊಗ್ಗುಗಳನ್ನು ಸಾಲುಸಾಲಾಗಿ ಪೋಣಿಸಿ ಕಟ್ಟುವ ಮೊಗ್ಗಿನ ಜಡೆ ಸೌಭಾಗ್ಯದ ಗುರುತಾಗಿದ್ದುದರಿಂದಲೇ, ಕತ್ತರಿ ತಗಲಿದ ಕೂದಲು ಹಿರಿಯರಲ್ಲಿ ಆ ಹಳೆಯ ಭಯವನ್ನು ಕೆದಕುತ್ತದೆ. ಆದರೆ ನಮ್ಮಲ್ಲಿ ಕೂದಲಿಗೆ ಎಂದೂ ಒಂದೇ ಅರ್ಥವಿರಲಿಲ್ಲ: ದ್ರೌಪದಿಯ ಬಿಚ್ಚಿದ ಮುಡಿ ಪ್ರತಿಜ್ಞೆಯಾಯಿತು, ಅಕ್ಕಮಹಾದೇವಿಗೆ ಕೇಶರಾಶಿಯೇ ಉಡುಗೆಯಾಯಿತು.

2014ರಲ್ಲಿ ಮಂಗಳಯಾನ ಯಶಸ್ವಿಯಾದ ದಿನ ಬೆಂಗಳೂರಿನಲ್ಲಿ ರೇಷ್ಮೆ ಸೀರೆಯುಟ್ಟು, ಹೂ ಮುಡಿದು ಸಂಭ್ರಮಿಸಿದ ಇಸ್ರೋ ಮಹಿಳೆಯರ ಚಿತ್ರವನ್ನು ಅತ್ತೆಯವರಿಗೆ ತೋರಿಸಿ. ಅವರಲ್ಲಿ ಕೆಲವರು ಆಡಳಿತ ಸಿಬ್ಬಂದಿ. ಆದರೆ ಆ ಯೋಜನೆಯಲ್ಲಿ ನಂದಿನಿ ಹರಿನಾಥ್ ಅವರಂಥ ವಿಜ್ಞಾನಿಗಳೂ ಇದ್ದರು. 2011ರಲ್ಲಿ ಉಡಾವಣೆಯಾದ ಜಿಸ್ಯಾಟ್-12ರ ಯೋಜನಾ ನಿರ್ದೇಶಕಿ ಟಿ.ಕೆ. ಅನುರಾಧಾ, ಅಂಥ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಇರುವುದು ನಿಮ್ಮ ಹಾಸನದಲ್ಲೇ! ಜಡೆಯಿದ್ದರೂ ಇಲ್ಲದಿದ್ದರೂ ಆ ಕೆಲಸಕ್ಕೆ ಬೇಕಾದದ್ದು ಗಣಿತ, ಭೌತಶಾಸ್ತ್ರಗಳ ಭದ್ರ ತಳಹದಿ. ಪಿಯುಸಿಯಲ್ಲಿ ಅವನ್ನೇ ಆರಿಸಿಕೊಳ್ಳಲು ಮಗಳಿಗೆ ಬೆಂಬಲವಾಗಿ ನಿಲ್ಲಿ, ಕಾಲೇಜಿಗೆ ಅರ್ಜಿ ಹಾಕುವ ದಿನ ಅತ್ತೆಯವರನ್ನೂ ಜೊತೆಗೆ ಕರೆದೊಯ್ಯಿರಿ.