ಮೊದಲು ತೇವ ನಿಲ್ಲಿಸಿ, ಆಮೇಲೆ ಬಣ್ಣ

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಮನೆಯ ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುತ್ತೇವೆ. ಐದು ವರ್ಷ ಇದ್ದ ಸಂಸಾರ ಖಾಲಿ ಮಾಡಿದೆ, ಮುಂದಿನ ತಿಂಗಳು ಹೊಸಬರು ಬರುತ್ತಾರೆ. ಬಾತ್‌ರೂಮಿಗೆ ಅಂಟಿಕೊಂಡ ಬೆಡ್‌ರೂಮ್ ಗೋಡೆಯಲ್ಲಿ ತೇವ ಬಂದು ಬಣ್ಣ ಉದುರುತ್ತಿದೆ. ಪುಟ್ಟಿ ಹಾಕಿ ಎರಡು ಕೋಟ್ ಬಳಿದರೆ ಗೊತ್ತೇ ಆಗಲ್ಲ ಅಂತಾರೆ ಪೇಂಟರ್. ಹಾಗೇ ಮಾಡಿಸಲಾ? ಆ ಖರ್ಚನ್ನು ಹಳಬರ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಬಹುದಾ?

ಉತ್ತರ: ದಯವಿಟ್ಟು ಹಾಗೆ ಮಾಡಿಸಬೇಡಿ. ಒಳಗೆ ನೀರು ಇರುವ ತನಕ ಮೇಲೆ ಏನು ಬಳಿದರೂ ಅದು ಗುಳ್ಳೆ ಎದ್ದು ಉದುರುತ್ತದೆ, ಒಂದು ಮಳೆಗಾಲ ದಾಟುವುದೂ ಕಷ್ಟ. ಆಗ ಆ ಕೋಣೆಯಲ್ಲಿ ಮಲಗುವವರು ಹೊಸಬರು, ಬೂಷ್ಟಿನ ವಾಸನೆ ಕುಡಿಯುವುದು ಅವರ ಮಕ್ಕಳು.

ಮನೆ ಖಾಲಿ ಇರುವಾಗಲೇ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ, ಇಂಥ ಅವಕಾಶ ಮತ್ತೆ ಸಿಗಲ್ಲ. ಬಾತ್‌ರೂಮಿನ ನೀರು ಹೋಗುವ ತೂತನ್ನು ಬಟ್ಟೆ ತುರುಕಿ ಮುಚ್ಚಿ, ಒಂದಿಂಚು ನೀರು ನಿಲ್ಲಿಸಿ, ಎಲ್ಲಿಯವರೆಗೆ ಇದೆ ಅಂತ ಗೋಡೆಯಲ್ಲಿ ಪೆನ್ಸಿಲ್ ಗುರುತು ಹಾಕಿ ಒಂದು ದಿನ ಬಿಡಿ. ನೀರು ಚೆನ್ನಾಗಿ ಇಳಿದಿದ್ದರೆ, ಅಥವಾ ಕೆಳಗೆ ನಿಮ್ಮ ಸೀಲಿಂಗ್‌ನಲ್ಲಿ ಕಲೆ ಕಂಡರೆ, ನೆಲದ್ದೇ ತಪ್ಪು. ಹೆಚ್ಚಾಗಿ ನಹಾನಿ ಟ್ರ್ಯಾಪ್ (ನೀರು ಹೋಗುವ ತೂತಿನಲ್ಲಿ ಕೂರಿಸಿರುವ ಬಟ್ಟಲು) ಸುತ್ತ ಸಿಮೆಂಟ್ ಬಿಟ್ಟಿರುತ್ತದೆ, ಇಲ್ಲವೇ ಟೈಲ್ಸ್ ಸಂದಿಯ ಗ್ರೌಟ್ ಹೋಗಿರುತ್ತದೆ. ನೆಲ ಸರಿಯಿದ್ದೂ ಗೋಡೆ ಒದ್ದೆಯಾಗುತ್ತಿದ್ದರೆ ಗೋಡೆಯೊಳಗಿನ ಪೈಪ್ ಮೇಲೆ ಅನುಮಾನ ಪಡಬೇಕು, ಪ್ಲಂಬರ್‌ನ ಕರೆಸಿ ಪ್ರೆಶರ್ ಹಾಕಿ ನೋಡಿಸಿ. ರಿಪೇರಿ ಆದ ಮೇಲೆ ಉದುರುತ್ತಿರುವ ಪ್ಲಾಸ್ಟರ್ ಕೆತ್ತಿಸಿ, ಬಿಳಿ ಉಪ್ಪು ಬಂದಿದ್ದರೆ ಒಣ ಬ್ರಷ್‌ನಲ್ಲಿ ಉಜ್ಜಿಸಿ, ಕಿಟಕಿ ತೆಗೆದು ಫ್ಯಾನ್ ಹಾಕಿ ಒಣಗಲು ಬಿಡಿ. ಇದಕ್ಕೆ ವಾರಗಳೇ ಬೇಕಾಗಬಹುದು. ಒಣಗದಿದ್ದರೆ ಹೊಸಬರಿಗೆ ನಿಜ ಹೇಳಿ ಆ ಒಂದು ಗೋಡೆಯನ್ನು ಬಾಕಿ ಬಿಡಿ, ಒಪ್ಪುತ್ತಾರೆ.

ಗೋಡೆ ಒಣಗುವಷ್ಟರಲ್ಲಿ ಎಲೆಕ್ಟ್ರಿಷಿಯನ್‌ನ ಕರೆಸಿ ಅರ್ಥಿಂಗ್ ನೋಡಿಸಿ, ಇದನ್ನು ಮಾತ್ರ ಮುಂದೂಡಬೇಡಿ. ಗೀಸರ್‌ಗೆ 16 ಆಂಪ್ ಪಾಯಿಂಟ್, ಅದಕ್ಕೆ ತಕ್ಕ ದಪ್ಪ ವೈರ್ ಇರಬೇಕು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ, ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ, ಟ್ರಿಪ್ ಆಗಲೇಬೇಕು. ಒದ್ದೆ ಕೈಯಲ್ಲಿ ಶಾಕ್ ಹೊಡೆದಾಗ ಜೀವ ಉಳಿಸುವುದು ಅದೇ. ಓವರ್‌ಹೆಡ್ ಟ್ಯಾಂಕ್, ಸಂಪ್ ತೊಳೆಸಿ. ಜಿರಲೆ ಔಷಧಿ ಹೊಡೆಸಲೂ ಇದೇ ಸಮಯ. ಮುಂಬಾಗಿಲ ಬೀಗ ಬದಲಿಸಿ, ಹಳೆ ಕೀ ಎಷ್ಟು ಜನರ ಹತ್ತಿರ ಇದೆಯೋ ಯಾರಿಗೆ ಗೊತ್ತು!

ಇನ್ನು ಅಡ್ವಾನ್ಸ್ ವಿಷಯ. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆ ಅಂತ ಹಿಡಿಯುವ ರೂಢಿ ನಮ್ಮಲ್ಲಿದೆ. ಅಗ್ರಿಮೆಂಟ್‌ನಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದರೆ ಕೇಳಬಹುದು. ಬರೆದಿಲ್ಲದಿದ್ದರೆ ಬೇಡ. ಐದು ವರ್ಷಕ್ಕೆ ಬಣ್ಣ ಮಾಸುವುದು ಸಹಜ. ಈ ತೇವವಂತೂ ಕಟ್ಟಡದ ದೋಷ, ಅದರ ಖರ್ಚು ಪೂರ್ತಿ ನಿಮ್ಮದೇ. ಅವರು ಬೇರೆ ಮನೆಗೂ ಅಡ್ವಾನ್ಸ್ ಕಟ್ಟಬೇಕಲ್ವಾ, ಬೇಗ ಕೊಟ್ಟುಬಿಡಿ. ಹೊಸಬರ ಜೊತೆ ಅಗ್ರಿಮೆಂಟ್ ಮಾಡುವಾಗ ಫ್ಯಾನ್, ಗೀಸರ್, ನಲ್ಲಿ ಎಲ್ಲದರ ಪಟ್ಟಿ ಸೇರಿಸಿ, ಪ್ರತಿ ಕೋಣೆಯ ಫೋಟೋ ತೆಗೆದು ಅವರಿಗೂ ವಾಟ್ಸಾಪ್ ಮಾಡಿ.

ಪ್ರಶ್ನೆ: ನಮ್ಮ ಬಾಡಿಗೆ ಮನೆಯ ಮೀಟರಿಗೆ ಹಳೆ ಬಾಡಿಗೆದಾರರು ಗೃಹಜ್ಯೋತಿ ಮಾಡಿಸಿಕೊಂಡಿದ್ದರು. ಹೊಸಬರಿಗೆ ಸಿಗುತ್ತಾ? – ದಾವಣಗೆರೆಯ ಓದುಗರು

ಉತ್ತರ: ಸಿಗುತ್ತದೆ. 2023ರಲ್ಲಿ ಶುರುವಾದ ಈ ಉಚಿತ ಕರೆಂಟ್ ಯೋಜನೆ ಬಾಡಿಗೆದಾರರಿಗೂ ಇದೆ. ಆದರೆ ಮೊದಲು ಹಳಬರ ಆಧಾರ್ ಆ ಮೀಟರಿನಿಂದ ಬಿಡಿಸಬೇಕು. ಸೇವಾ ಸಿಂಧು ಪೋರ್ಟಲ್‌ನಲ್ಲಿ ಡಿ-ಲಿಂಕ್ ಅಂತ ಇದೆ. ಹಳಬರೇ ಮಾಡಿದರೆ ಸುಲಭ, ಅವರೂ ಹೊಸ ಮನೆಗೆ ಹಾಕಿಸಿಕೊಳ್ಳಬಹುದು. ಆದ್ದರಿಂದ ಅಡ್ವಾನ್ಸ್ ವಾಪಸ್ ಕೊಡುವ ದಿನ ಜೊತೆಗೆ ಕೂತು ಮುಗಿಸಿ, ಅದೇ ಹೊತ್ತಿಗೆ ಮೀಟರ್ ರೀಡಿಂಗ್ ಫೋಟೋ ತೆಗೆದುಕೊಳ್ಳಿ. ಒಂದು ವಿಷಯ ಹೊಸಬರಿಗೆ ಮೊದಲೇ ಹೇಳಿಬಿಡಿ: 200 ಯೂನಿಟ್ ಅನ್ನುವುದು ಗರಿಷ್ಠ ಮಿತಿ ಅಷ್ಟೇ, ಎಲ್ಲರಿಗೂ ಅಷ್ಟು ಸಿಗುವುದಿಲ್ಲ.