ಕೋಲಾರದ ಟೊಮೆಟೊ ಕೊಪ್ಪಳದ ಬೇಸಿಗೆಯಲ್ಲಿ ಏಕೆ ಕಾಯಿ ಕಚ್ಚದು?

ಪ್ರಶ್ನೆ: ಕೋಲಾರದ ನೆಂಟರು ಬೇಸಿಗೆಯಲ್ಲಿ ಬೆಳೆಯುವ ಹೈಬ್ರಿಡ್ ಟೊಮೆಟೊವನ್ನೇ ಮಾರ್ಚ್ ಮೊದಲ ವಾರ ನಾಟಿ ಮಾಡಿದ್ದೆ. ಹೂವು ತುಂಬಿ ಬಂದು ಉದುರಿಹೋಯಿತು. ಬೋರಾನ್ ಹೊಡೆದರೂ ನಿಲ್ಲಲಿಲ್ಲ. ಉಳಿದ ಕಾಯಿ ಕೆಂಪಾಗದೆ ಹಳದಿಗೆ ತಿರುಗಿತು. ಸತ್ವವಿಲ್ಲವೆಂದು ಮಂಡಿಯಲ್ಲಿ ಬೆಲೆ ಇಳಿಸಿದರು. ಸೆಕೆ ತಡೆಯುವ, ಸತ್ವವೂ ಇರುವ ತಳಿ ಇದೆಯೇ?
– ಒಬ್ಬ ರೈತ, ಕೊಪ್ಪಳ ಜಿಲ್ಲೆ

ಉತ್ತರ: ಬೀಜ ಒಂದೇ ಆದರೂ ರಾತ್ರಿ ಬೇರೆ. ಕೋಲಾರ ಸಮುದ್ರಮಟ್ಟದಿಂದ 800 ಮೀಟರ್‌ಗೂ ಎತ್ತರದಲ್ಲಿದೆ, ಅಲ್ಲಿ ಬೇಸಿಗೆಯ ರಾತ್ರಿಯೂ ತಂಪಾಗುತ್ತದೆ. ನಿಮ್ಮದು ಅದಕ್ಕಿಂತ ಬಹಳ ತಗ್ಗಿನ ಸೀಮೆ. ಟೊಮೆಟೊ ಗಿಡ ಹಗಲಿನ ಬಿಸಿಲನ್ನು ಒಂದು ಮಟ್ಟದವರೆಗೆ ಸಹಿಸುತ್ತದೆ; ರಾತ್ರಿಯೂ 24–25 ಡಿಗ್ರಿಯ ಮೇಲೆಯೇ ಉಳಿದರೆ ಸೋಲುತ್ತದೆ. ಪೆಟ್ಟು ಬೀಳುವುದು ಹೂವು ಅರಳುವುದಕ್ಕೆ ಒಂದು ವಾರ, ಹತ್ತು ದಿನ ಮೊದಲು, ಮೊಗ್ಗಿನೊಳಗೆ ಪರಾಗ ರೂಪುಗೊಳ್ಳುವಾಗ. ಹೂವು ಉದುರುವುದು ನಿಮಗೆ ಕಾಣುವ ಹೊತ್ತಿಗೆ ಒಳಗಿನ ಪರಾಗ ಎಂದೋ ಜೊಳ್ಳಾಗಿರುತ್ತದೆ. ಅದಕ್ಕೆ ಬೋರಾನ್ ಏನು ಮಾಡೀತು? ಹಾರ್ಮೋನು ಸಿಂಪಡಿಸಿದರೆ ಕಾಯಿ ನಿಲ್ಲಬಹುದು. ಆದರೆ ಎಷ್ಟೋ ಸಲ ಬೀಜವಿಲ್ಲದ, ಒಳಗೆ ಪೊಳ್ಳಾದ ಕಾಯಿ ಸಿಗುತ್ತದೆ.

ಬಣ್ಣದ ಕಥೆ ಬೇರೆ. ಕೆಂಪು ಕೊಡುವ ಲೈಕೋಪೀನ್ 30–32 ಡಿಗ್ರಿ ದಾಟಿದರೆ ಸರಿಯಾಗಿ ಕೂಡುವುದಿಲ್ಲ. ಕಿತ್ತಳೆ ಬಣ್ಣದ ಬೀಟಾ ಕೆರೋಟಿನ್ ಮಾತ್ರ ಕೂಡುತ್ತಲೇ ಹೋಗುತ್ತದೆ. ನಮ್ಮ ದೇಹ ವಿಟಮಿನ್ 'ಎ' ಮಾಡಿಕೊಳ್ಳುವುದು ಈ ಎರಡನೆಯದರಿಂದಲೇ, ಲೈಕೋಪೀನ್‌ನಿಂದ ಅಲ್ಲ. ಹಾಗಾಗಿ ನಿಮ್ಮ ಹಣ್ಣು ಸತ್ವಹೀನವೆಂದು ಮಂಡಿಯವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಕಾಡು ಟೊಮೆಟೊ ಜಾತಿಗಳಿಂದ ತಂದ 'ಬೀಟಾ' ಎಂಬ ವಂಶವಾಹಿಯನ್ನು ಸೇರಿಸಿ, ಬೀಟಾ ಕೆರೋಟಿನ್ ಹಲವು ಪಟ್ಟು ಹೆಚ್ಚಿರುವ ಕಿತ್ತಳೆ ಟೊಮೆಟೊಗಳನ್ನು ತೈವಾನಿನ ವಿಶ್ವ ತರಕಾರಿ ಕೇಂದ್ರ ಬಹಳ ಹಿಂದೆಯೇ ರೂಪಿಸಿದೆ. ಕೊಳ್ಳುವವರ ಕಣ್ಣಿಗೆ ಮಾತ್ರ ಟೊಮೆಟೊ ಎಂದರೆ ಇಂದಿಗೂ ಕೆಂಪು. ಇನ್ನು ಕೆಂಪನ್ನು ಗಾಢಗೊಳಿಸುವ 'ಕ್ರಿಮ್ಸನ್' ವಂಶವಾಹಿ ಹಾಕಿದರೆ ಬೀಟಾ ಕೆರೋಟಿನ್ ಇಳಿಯುತ್ತದೆ.

ಸೆಕೆ ತಡೆಯುವ ತಳಿಯಲ್ಲೂ ಇಂಥದ್ದೇ ತೊಡಕು: ಬಿಸಿಯಲ್ಲಿ ಚೆನ್ನಾಗಿ ಕಾಯಿ ಕಚ್ಚುವ ಗಿಡಗಳ ಹಣ್ಣು ಸಾಮಾನ್ಯವಾಗಿ ಚಿಕ್ಕದು. ದೊಡ್ಡ ಹಣ್ಣಿನ ಜೊತೆ ಸಂಕರ ಮಾಡಿ, ಪೀಳಿಗೆಯಿಂದ ಪೀಳಿಗೆಗೆ ಸುಡುಬಿಸಿಲಿನಲ್ಲೇ ಬೆಳೆಸಿ ಆರಿಸಬೇಕು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ 'ಪೂಸಾ ಸದಾಬಹಾರ್' ರಾತ್ರಿ ಚಳಿಯಿದ್ದರೂ ಸೆಕೆಯಿದ್ದರೂ ಕಾಯಿ ಕಚ್ಚುವ ತಳಿ ಎಂದು ಹೆಸರಾಗಿದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಎಲೆ ಮುಟುರು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಈ ಮೂರು ರೋಗಗಳನ್ನೂ ತಡೆಯುತ್ತದೆ. ಆದರೆ ರೋಗ ತಡೆಯುವ ಗುಣವೇ ಬೇರೆ, ಸೆಕೆ ತಡೆಯುವ ಗುಣವೇ ಬೇರೆ. ಅಂಗಡಿಯಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮಾರುತ್ತಾರೆ.

ಮಾರ್ಚ್‌ನಲ್ಲಿ ನೆಟ್ಟು ಜೂನ್‌ನಲ್ಲಿ ಒಳ್ಳೆಯ ಬೆಲೆಗೆ ಮಾರುವ ಆಸೆ ನನಗೂ ಅರ್ಥವಾಗುತ್ತದೆ. ಆದರೂ ಮುಖ್ಯ ಬೆಳೆಯನ್ನು ಡಿಸೆಂಬರ್ ಕೊನೆಗೆ ನಾಟಿ ಮಾಡಿ. ಸೆಕೆ ಏರುವ ಮೊದಲೇ ಹೆಚ್ಚಿನ ಹೂವು ಕಾಯಾಗಿರುತ್ತದೆ. ಬೇಸಿಗೆ ತಳಿಯನ್ನು ಪರೀಕ್ಷಿಸಲು ಮಾರ್ಚ್‌ನಲ್ಲಿ ನಾಲ್ಕು ಸಾಲು ಸಾಕು, ಅದಕ್ಕೊಂದು ನೆರಳು ಪರದೆ ಇರಲಿ. ಕಾಯಿ ಮುಚ್ಚುವ ಎಲೆಗಳನ್ನು ಸವರಬೇಡಿ: ನೇರ ಬಿಸಿಲು ಬಿದ್ದ ಹಣ್ಣು ಸುತ್ತಲ ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ಬೀಜ ಕೊಳ್ಳುವಾಗ, ಈ ತಳಿ ಯಾವ ತಿಂಗಳಲ್ಲಿ, ಯಾವ ಊರಿನಲ್ಲಿ ಕಾಯಿ ಕಚ್ಚಿದೆ ಎಂದು ಕೇಳಿ. 'ಎಲ್ಲ ಕಾಲಕ್ಕೂ ಆಗುತ್ತದೆ' ಎಂಬ ಉತ್ತರ ಬಂದರೆ ಆ ಪೊಟ್ಟಣವನ್ನು ಅಲ್ಲಿಯೇ ಬಿಟ್ಟು ಬನ್ನಿ.