ಎಚ್‌ಐವಿ ಇಲ್ಲದವರಿಗೂ ಐಎಚ್‌ಡಿಎಸ್‌ನಲ್ಲಿ ಕಡಿಮೆ ಅಂಕ ಯಾಕೆ?

ಐಎಚ್‌ಡಿಎಸ್ ಅಂದರೆ ಎಚ್‌ಐವಿಯಿಂದ ಡೆಮೆನ್ಷಿಯಾ (ಬುದ್ಧಿಶಕ್ತಿ ಕುಂದುವ ಕಾಯಿಲೆ) ಬಂದಿರಬಹುದೇ ಅಂತ ನೋಡುವ ಚಿಕ್ಕ ಪರೀಕ್ಷೆ. ನಿಮ್ಮ ಪಿಎಚ್‌ಡಿಯ ಕಂಟ್ರೋಲ್ ಗುಂಪಿಗೂ (ಹೋಲಿಕೆಗೆ ತೆಗೆದುಕೊಂಡ ಎಚ್‌ಐವಿ ಇಲ್ಲದವರು) 12ಕ್ಕೆ 10 ಅಥವಾ ಕಡಿಮೆ ಬರಲು ಕಾರಣ ಬಹುಶಃ ವಯಸ್ಸು ಮತ್ತು ಓದು. ಡೇಟಾ ನೋಡದೆ ಖಚಿತವಾಗಿ ಹೇಳಲಾರೆ. ಮೊದಲು ಪರೀಕ್ಷೆ ಮಾಡಿಸುವ ರೀತಿ ಗಮನಿಸಿ. ಹೆಬ್ಬೆರಳಿಗೆ ತೋರುಬೆರಳು ಬಡಿಯಬೇಕಾದ್ದು ಹೆಚ್ಚು ಬಳಸದ ಕೈಯಲ್ಲಿ, 5 ಸೆಕೆಂಡ್, ಪ್ರತಿ ಸಲ ಪೂರ್ತಿ ಅಗಲಿಸಿ. ಮುಷ್ಟಿ, ಅಂಗೈ, ಕೈಯಂಚು ಈ ಕ್ರಮವನ್ನು ನೀವೇ ಮಾಡಿ ತೋರಿಸಿ, ಎರಡು ಸಲ ಅಭ್ಯಾಸ ಮಾಡಿಸಿ, ಆಮೇಲೆ 10 ಸೆಕೆಂಡಲ್ಲಿ ಎಷ್ಟು ಸಲ ಮಾಡಿದರು ಅಂತ ಎಣಿಸಿ. ನಾನು ನೋಡಿದಂತೆ ಅಂಕ ಜಾಸ್ತಿ ಸೋರುವುದು ಇಲ್ಲೇ. ನಂತರ ಎರಡೂ ಗುಂಪುಗಳ ವಯಸ್ಸು, ಶಾಲೆಯ ವರ್ಷ ಹೊಂದಿಸಿ. ಖಿನ್ನತೆಯನ್ನೂ ಅಳೆಯಿರಿ. ಇದು ಬರೀ ಸ್ಕ್ರೀನಿಂಗ್ ಅಲ್ವಾ, ದಯವಿಟ್ಟು ಕಡಿಮೆ ಅಂಕವನ್ನೇ ಡೆಮೆನ್ಷಿಯಾ ಅಂತ ಬರೆಯಬೇಡಿ. ಎಚ್‌ಐವಿಗೆ ಸಂಬಂಧಿಸಿದ ಬುದ್ಧಿಶಕ್ತಿಯ ತೊಂದರೆ ಗುರುತಿಸುವ 2007ರ ಫ್ರಾಸ್ಕಾಟಿ ಮಾನದಂಡಕ್ಕೆ ಕನಿಷ್ಠ ಎರಡು ಮಾನಸಿಕ ಸಾಮರ್ಥ್ಯಗಳಲ್ಲಿ ಕುಸಿತ ಕಾಣಬೇಕು. ಅದಕ್ಕೆ ವಿವರವಾದ ಪರೀಕ್ಷೆ ಮಾಡಿಸಿ, ಸ್ಥಳೀಯ ಕಂಟ್ರೋಲ್ ಗುಂಪಿನ ಅಂಕಗಳ ಜೊತೆಗೇ ಹೋಲಿಸಿ.